ಓಸ್ಲೋ, ಕೋಣೆ ಸಂಖ್ಯೆ 250

ಅವನು ಅಳುತ್ತಿದ್ದಾನೆ.

ಗಾಜಿನ ಗೋಡೆಯ ಆಚೆ ಕೂತಿದ್ದಾನೆ. ಕಪ್ಪು ಸೂಟು, ಬಿಗಿದ ಟೈ, ಹಿಂದಕ್ಕೆ ಬಾಚಿದ ಹೊಂಬಣ್ಣದ ಕೂದಲು, ದವಡೆಯ ಅಂಚಿಗೆ ಗೆರೆ ಎಳೆದಂತೆ ಕತ್ತರಿಸಿದ ಗಡ್ಡ. ತುಟಿ ಅದುರುತ್ತಿದೆ. ಬೆರಳಿನಿಂದ ಕಣ್ಣು ಒರೆಸಿಕೊಳ್ಳುತ್ತಾನೆ, ಪರದೆಯತ್ತ ನೋಡುತ್ತಾನೆ, ಮತ್ತೆ ಒರೆಸಿಕೊಳ್ಳುತ್ತಾನೆ. ನಿಮ್ಮ ಅಕ್ಕಪಕ್ಕ ಕೂತವರಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರಿದ್ದಾರೆ. ಯಾರೂ ಅಲುಗುತ್ತಿಲ್ಲ.

2012ರ ಏಪ್ರಿಲ್ 16, ಸೋಮವಾರ. ಓಸ್ಲೋ ಜಿಲ್ಲಾ ನ್ಯಾಯಾಲಯದ 250ನೇ ಕೋಣೆ. ಈ ಒಂದು ವಿಚಾರಣೆಗೆಂದೇ ಇದನ್ನು ಹೊಸದಾಗಿ ಸಜ್ಜು ಮಾಡಿದ್ದಾರೆ. ಬೆಳಿಗ್ಗೆ ಪೊಲೀಸರು ಅವನ ಕೈಕೋಳ ಬಿಚ್ಚಿದ ಕೂಡಲೇ ಅವನು ಬಲಮುಷ್ಟಿಯನ್ನು ಎದೆಗೆ ತಾಕಿಸಿ ಮುಂದಕ್ಕೆ ಚಾಚಿದ್ದ. ಆಮೇಲೆ ಸರ್ಕಾರಿ ವಕೀಲೆ ಇಂಗಾ ಬೇಯರ್ ಎಂಗ್ ಎದ್ದು ನಿಂತು ದೋಷಾರೋಪ ಪಟ್ಟಿ ಓದಿದರು. ಸತ್ತವರು 77 ಮಂದಿ. ಪ್ರತಿಯೊಬ್ಬರ ಹೆಸರು, ವಯಸ್ಸು, ಎಲ್ಲಿ ಬಿದ್ದರು, ಹೇಗೆ ಸತ್ತರು. ಕೆಫೆ ಕಟ್ಟಡದಲ್ಲಿ. ಪಂಪ್‌ಹೌಸ್ ಪಕ್ಕ. ಪ್ರೇಮಿಗಳ ಹಾದಿ ಎಂದು ಹುಡುಗ ಹುಡುಗಿಯರು ಕರೆಯುತ್ತಿದ್ದ ಕಾಲುದಾರಿಯಲ್ಲಿ. ನೀರಿನ ಅಂಚಿನಲ್ಲಿ. ಹದಿನಾಲ್ಕು, ಹದಿನೈದು, ಹದಿನೇಳು, ಹದಿನೆಂಟು. ಎಂಗ್ ಅವರ ದನಿ ಒಂದೆರಡು ಕಡೆ ತಡವರಿಸಿತೋ ಏನೋ ಎಂದು ನಿಮಗೆ ಅನಿಸಿತು. ಅವನ ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ. ಮುಂದಿನ ಮೇಜನ್ನು ನೋಡುತ್ತ ಕೂತಿದ್ದ, ಸರದಿಗಾಗಿ ಕಾಯುವವನಂತೆ.

ಈಗ ಪರದೆಯ ಮೇಲೆ ಓಡುತ್ತಿರುವುದು ಅವನೇ ತಯಾರಿಸಿದ ಪ್ರಚಾರಚಿತ್ರ. ಹನ್ನೆರಡು ನಿಮಿಷದ್ದು. ಯುರೋಪನ್ನು ಮುಸ್ಲಿಮರು ನುಂಗುತ್ತಿದ್ದಾರೆ, ಎಡಪಂಥೀಯರು ಅದಕ್ಕೆ ಬಾಗಿಲು ತೆರೆದಿದ್ದಾರೆ, ಕತ್ತಿ ಹಿಡಿದ ಯೋಧರು ಎದ್ದು ಬರಬೇಕು. ಯಾರೋ ಬರೆದ ಮಾತು, ಯಾರೋ ಬಿಡಿಸಿದ ಚಿತ್ರ, ಹಿಂದೆ ಸಂಗೀತ. ಇದನ್ನು ನೋಡಿ ಅವನು ಅಳುತ್ತಿದ್ದಾನೆ.

ಈಗ ಅವನಿಂದ ಕಣ್ಣು ತೆಗೆದು ಆ ನಾಲ್ವರನ್ನು ನೋಡಿ. ಇಬ್ಬರು ಇಬ್ಬರಾಗಿ ಬಂದವರು, ಎಲ್ಲರೂ ಮನೋವೈದ್ಯರು. ಇನ್ನು ಹತ್ತು ವಾರ ಇದೇ ಕೋಣೆಯಲ್ಲಿ ಕೂತು ಈ ಮುಖವನ್ನು ನೋಡುವುದೇ ಅವರ ಕೆಲಸ. ಅವನು ನಕ್ಕರೆ ಬರೆದುಕೊಳ್ಳುತ್ತಾರೆ, ಅತ್ತರೆ ಬರೆದುಕೊಳ್ಳುತ್ತಾರೆ. ಕೊಂದವನು ಯಾರು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ನಾನೇ ಮಾಡಿದ್ದು ಎಂದು ಅವನೇ ಒಪ್ಪಿದ್ದಾನೆ. ತಪ್ಪು ಎಂದು ಮಾತ್ರ ಒಪ್ಪಿಲ್ಲ. ಈ ಕೋಣೆ ಉತ್ತರ ಹುಡುಕಬೇಕಾದ ಪ್ರಶ್ನೆ ಒಂದೇ. ಆಂಡರ್ಸ್ ಬೆಹ್ರಿಂಗ್ ಬ್ರೈವಿಕ್ ಎಂಬ 33 ವರ್ಷದ ಈ ಮನುಷ್ಯನಿಗೆ ಆ ದಿನ ಬುದ್ಧಿ ಸ್ವಾಧೀನದಲ್ಲಿತ್ತೇ?

ಆ ದಿನ ಎಂದರೆ 2011ರ ಜುಲೈ 22, ಶುಕ್ರವಾರ. ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ ಓಸ್ಲೋದ ಸರ್ಕಾರಿ ಕಚೇರಿಗಳ ನಡುವೆ, ಪ್ರಧಾನಿ ಕಾರ್ಯಾಲಯದ ಕಟ್ಟಡದ ಬುಡದಲ್ಲೇ, ಬಿಳಿ ವ್ಯಾನೊಂದು ಸಿಡಿಯಿತು. ಒಳಗಿದ್ದದ್ದು ಗೊಬ್ಬರದಿಂದ ಮಾಡಿದ 950 ಕಿಲೋ ಸ್ಫೋಟಕ. ಎಂಟು ಜನ ಸತ್ತರು. ಗಾಜಿನ ಚೂರು ಇನ್ನೂ ಬೀಳುತ್ತಿರುವಾಗಲೇ ಅವನು ಇನ್ನೊಂದು ಗಾಡಿಯಲ್ಲಿ ಹೊರಟಿದ್ದ. ನಗರದಿಂದ ಸುಮಾರು 40 ಕಿಲೋಮೀಟರ್ ದೂರದ ಟೀರಿಫ್ಯೋರ್ಡ್ ಸರೋವರದಲ್ಲಿ ಉಟೋಯಾ ಎಂಬ ಪುಟ್ಟ ದ್ವೀಪವಿದೆ. ಲೇಬರ್ ಪಕ್ಷದ ಯುವ ಘಟಕದ ಬೇಸಿಗೆ ಶಿಬಿರ ಅಲ್ಲಿ ನಡೆಯುತ್ತಿತ್ತು. ಪೊಲೀಸ್ ವೇಷ ತೊಟ್ಟಿದ್ದ ಅವನನ್ನು ಶಿಬಿರದವರೇ ತಮ್ಮ ದೋಣಿಯಲ್ಲಿ ಕರೆತಂದರು. ಮುಂದಿನ ಒಂದು ಗಂಟೆಗೂ ಹೆಚ್ಚು ಹೊತ್ತು ಅವನು ನಡೆದಾಡಿದ. ಓಡಲಿಲ್ಲ, ನಡೆದಾಡಿದ. ನಾನು ಪೊಲೀಸ್, ಹೊರಗೆ ಬನ್ನಿ ಎಂದು ಕರೆದು, ಬಂದವರಿಗೆ ಗುಂಡಿಟ್ಟ. 69 ಜನ.

ಅದೇ ಮೊದಲ ದಿನ ನಿಮಗೆ ಒಂದು ಫೋನ್ ಕರೆಯನ್ನು ಕೇಳಿಸುತ್ತಾರೆ. ಶೌಚಾಲಯದಲ್ಲಿ ಅಡಗಿದ್ದ ಹುಡುಗಿಯೊಬ್ಬಳು ಪೊಲೀಸರಿಗೆ ಮಾಡಿದ ಕರೆ. ಅವಳ ಪಿಸುಮಾತಿನ ಹಿಂದೆ ಗುಂಡಿನ ಸದ್ದು. ಒಂದು, ಆಮೇಲೆ ಒಂದು, ಆಮೇಲೆ ಮೂರು. ಗಾಜಿನ ಆಚೆ ಕೂತವನ ಕಣ್ಣುಗಳು ಈಗ ಒಣಗಿವೆ.

ಇಂಥದ್ದನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ಯಾವುದು? ನಮ್ಮ ಊರಿನಲ್ಲಾದರೂ ಅದೇ, ಓಸ್ಲೋದಲ್ಲಾದರೂ ಅದೇ. ಹುಚ್ಚ. ತಲೆ ಕೆಟ್ಟವನು. ಸರಿಯಿರುವ ಮನುಷ್ಯ ಇದನ್ನು ಮಾಡಲು ಸಾಧ್ಯವೇ ಇಲ್ಲ. ಈ ಮಾತಿನಲ್ಲಿ ಕೋಪಕ್ಕಿಂತ ಹೆಚ್ಚಾಗಿ ಒಂದು ಬೇಡಿಕೆ ಇದೆ. ದಯವಿಟ್ಟು ಇವನು ನಮ್ಮವನಾಗದಿರಲಿ ಎಂಬ ಬೇಡಿಕೆ. ನಾನೂ ಅದನ್ನು ಬೇಡಿಕೊಂಡವನೇ. ಆದರೆ ಈ ಕೋಣೆಯಲ್ಲಿ ಕೂತ ಮೇಲೆ ಆ ಬೇಡಿಕೆ ನಿಲ್ಲುವುದಿಲ್ಲ.

ಮೊದಲ ಇಬ್ಬರು ವೈದ್ಯರು ಸಿನ್ನೆ ಸೋರ್ಹೈಮ್ ಮತ್ತು ತೊರ್ಗೈರ್ ಹುಸ್ಬಿ. ಜೈಲಿನಲ್ಲಿ ಅವನನ್ನು 13 ಸಲ ಕಂಡು, ಒಟ್ಟು 36 ಗಂಟೆ ಮಾತಾಡಿಸಿ, 2011ರ ನವೆಂಬರ್ 29ರಂದು 243 ಪುಟಗಳ ವರದಿ ಕೊಟ್ಟರು. ಅವರ ತೀರ್ಮಾನ: ಇವನಿಗೆ ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ ಇದೆ, ಆ ದಿನವೂ ಇತ್ತು, ಈಗಲೂ ಇದೆ. ಅವರ ಬಳಿ ಕಾರಣಗಳಿದ್ದವು, ಅವನ್ನು ತಳ್ಳಿಹಾಕುವುದು ಸುಲಭವಲ್ಲ. ಮೂವತ್ತರ ಹತ್ತಿರದ ಗಂಡಸು ತಾಯಿಯ ಮನೆಗೆ ಮರಳಿ ಬಂದು ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಕಂಪ್ಯೂಟರ್ ಆಟ ಆಡಿದ್ದಾನೆ. ಸೋಂಕು ತಗಲುತ್ತದೆಂದು ಮನೆಯೊಳಗೂ ಮುಖಗವಸು ಹಾಕಿಕೊಂಡಿದ್ದಾನೆ. ತಾನು ನೈಟ್ಸ್ ಟೆಂಪ್ಲರ್ ಎಂಬ ಗುಪ್ತ ಯೋಧಸಂಘದ ದಳಪತಿ, ಯಾರು ಬದುಕಬೇಕು ಯಾರು ಸಾಯಬೇಕು ಎಂದು ತೀರ್ಮಾನಿಸುವ ಹೊಣೆ ತನ್ನದು, ಮುಂದೆ ನಾರ್ವೆಯನ್ನು ಆಳುವವನೂ ತಾನೇ ಆಗಬಹುದು ಎನ್ನುತ್ತಾನೆ. ಆ ಸಂಘವನ್ನು ಪೊಲೀಸರು ಹುಡುಕಿದರು. ಅಂಥದ್ದೊಂದು ಇರುವ ಸುಳಿವೇ ಸಿಗಲಿಲ್ಲ.

ವರದಿ ಹೊರಬಿದ್ದಾಗ ದೇಶವೇ ತಬ್ಬಿಬ್ಬಾಯಿತು. ಆಸ್ಪತ್ರೆಗೆ ಕಳಿಸಿಬಿಟ್ಟರೆ ಮುಗಿಯಿತೇ ಎಂದು ಸತ್ತವರ ಕಡೆಯ ವಕೀಲರು ಕೇಳಿದರು. ನ್ಯಾಯಾಲಯ ಇನ್ನಿಬ್ಬರನ್ನು ನೇಮಿಸಿತು, ಆಗ್ನಾರ್ ಆಸ್ಪಾಸ್ ಮತ್ತು ತೆರ್ಯೆ ತೊರ್ರಿಸ್ಸೆನ್. ಈ ಸಲ ಬರೀ ಮಾತುಕತೆ ಸಾಲದೆಂದು ಕೆಲವು ವಾರ ಹಗಲೂ ರಾತ್ರಿ ಜೈಲಿನಲ್ಲೇ ಅವನ ಮೇಲೆ ನಿಗಾ ಇಟ್ಟರು. ಹೇಗೆ ಉಣ್ಣುತ್ತಾನೆ, ಹೇಗೆ ಮಲಗುತ್ತಾನೆ, ಯಾರೂ ನೋಡದಿದ್ದಾಗ ಗೋಡೆಯ ಜೊತೆ ಮಾತಾಡುತ್ತಾನೆಯೇ? ವಿಚಾರಣೆ ಶುರುವಾಗಲು ಆರೇ ದಿನ ಇರುವಾಗ ಅವರ ವರದಿ ಬಂತು. ಸೈಕೋಸಿಸ್ ಇಲ್ಲ. ಇರುವುದು ವ್ಯಕ್ತಿತ್ವದ ದೋಷ: ತನ್ನನ್ನು ತಾನೇ ಆರಾಧಿಸಿಕೊಳ್ಳುವ, ಇತರರ ನೋವು ತಟ್ಟದ ಸ್ವಭಾವ. ಇವನು ಶಿಕ್ಷೆಗೆ ಅರ್ಹ.

ಒಂದೇ ಮನುಷ್ಯ, ಒಂದೇ ವರ್ಷ, ಅದೇ ಜೈಲು. ವರದಿ ಮಾತ್ರ ಎರಡು, ಒಂದಕ್ಕೊಂದು ವಿರುದ್ಧ.

ಬ್ರೈವಿಕ್ ತನ್ನ ಕುರಿತ ಮೊದಲ ವರದಿ ಓದಿ ಕೆರಳಿದ್ದ. ಹುಚ್ಚಾಸ್ಪತ್ರೆಗೆ ಕಳಿಸುವುದೆಂದರೆ ಸಾವಿಗಿಂತ ಕೆಟ್ಟದ್ದು ಎಂದು ಪತ್ರಿಕೆಗಳಿಗೆ ಬರೆದ. ಹಾಗಾಗಿ ಈ ಕೋಣೆಯಲ್ಲಿ ಎಲ್ಲವೂ ತಲೆಕೆಳಗಾಗಿದೆ. ಸಾಮಾನ್ಯವಾಗಿ ಆರೋಪಿಯ ವಕೀಲ ನನ್ನ ಕಕ್ಷಿದಾರನಿಗೆ ಬುದ್ಧಿ ಸರಿಯಿಲ್ಲ ಎನ್ನುತ್ತಾನೆ, ಸರ್ಕಾರಿ ವಕೀಲ ಎಲ್ಲ ಸರಿಯಿದೆ ಎನ್ನುತ್ತಾನೆ. ಇಲ್ಲಿ ಅವನ ವಕೀಲ ಗೈರ್ ಲಿಪ್ಪೆಸ್ಟಾಡ್ ಹತ್ತು ವಾರವೂ ಸಾಧಿಸಲು ಹೊರಟಿರುವುದು ಇವನು ಸ್ವಸ್ಥ ಎಂಬುದನ್ನು.

ಮೂರನೇ ದಿನ ಇಂಗಾ ಬೇಯರ್ ಎಂಗ್ ಸವಾಲು ಮುಂದುವರಿಸುತ್ತಾರೆ. ದನಿ ಏರಿಸುವುದಿಲ್ಲ. ಆ ಯೋಧಸಂಘ ಎಲ್ಲಿ ಹುಟ್ಟಿತು? ಲಂಡನ್ನಿನಲ್ಲಿ, 2002ರಲ್ಲಿ. ಯಾರು ಯಾರಿದ್ದರು? ಹೇಳಲಾರೆ. ಎಷ್ಟು ಜನ? ಕೆಲವರು. ನೀವು ಬರೆದಿರುವ ಹಾಗೆ ಅದು ದೊಡ್ಡ ಸಭೆಯಾಗಿತ್ತೇ? ಅವನು ಕುರ್ಚಿಯಲ್ಲಿ ಸರಿದು ಕೂರುತ್ತಾನೆ. ಬರೆದದ್ದು ಸ್ವಲ್ಪ ಆಡಂಬರದಿಂದ ಕೂಡಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ನೀವು ನನ್ನನ್ನು ನಗೆಪಾಟಲು ಮಾಡಲು ನೋಡುತ್ತಿದ್ದೀರಿ ಎಂದು ಸಿಡುಕುತ್ತಾನೆ.

ಈ ಕ್ಷಣವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಸ್ಕಿಜೋಫ್ರೇನಿಯಾದ ನೋವು ಬಲ್ಲ ಮನೆಯವರನ್ನು ಕೇಳಿ. ಅಡುಗೆಯಲ್ಲಿ ವಿಷ ಹಾಕಿದ್ದಾರೆ ಎಂದು ನಂಬಿದ ಮಗನಿಗೆ ತಾಯಿ ಅದೇ ತಟ್ಟೆಯಿಂದ ತುತ್ತು ತಿಂದು ತೋರಿಸಿದರೂ ಆ ನಂಬಿಕೆ ಅಲುಗುವುದಿಲ್ಲ. ಅವನಿಗೆ ಅದು ನಂಬಿಕೆಯೇ ಅಲ್ಲ, ಕಣ್ಣೆದುರಿನ ಸತ್ಯ. ನಾಲ್ಕು ಜನ ನಗುತ್ತಾರೆಂದು ಅವನು ಅದನ್ನು ಚಿಕ್ಕದು ಮಾಡಿಕೊಳ್ಳುವುದಿಲ್ಲ. ಇವನು ಮಾಡಿಕೊಂಡ. ವಕೀಲೆ ತಳ್ಳಿದಷ್ಟೂ ಅವನ ಸಾಮ್ರಾಜ್ಯ ಹಿಂದೆ ಸರಿಯಿತು, ಸುಳ್ಳು ಸಿಕ್ಕಿಬಿದ್ದವನ ಕತೆ ಹಿಂದೆ ಸರಿಯುವ ಹಾಗೆ. ಮೊದಲ ಜೋಡಿ ವೈದ್ಯರು ಇದನ್ನು ಒಪ್ಪಲಿಲ್ಲ. ತಮ್ಮ ವರದಿ ಓದಿದ ಮೇಲೆ ಅವನು ಎಚ್ಚರದಿಂದ ಮಾತು ಬದಲಿಸಿಕೊಂಡಿದ್ದಾನೆ ಎಂದರು. ಆ ಸಾಧ್ಯತೆ ಇಲ್ಲವೆಂದು ಯಾರೂ ಹೇಳಲಾರರು.

ಏಪ್ರಿಲ್ 26. ಇವತ್ತು ಕೋಣೆಯಿಂದ ಸ್ವಲ್ಪ ಹೊತ್ತು ಹೊರಗೆ ಬನ್ನಿ. ಮಳೆ ಹನಿಯುತ್ತಿದೆ. ನ್ಯಾಯಾಲಯದ ಹತ್ತಿರದ ಯಂಗ್‌ಸ್ಟೋರ್ಗೆ ಚೌಕದಲ್ಲಿ ಕಾಲಿಡಲು ಜಾಗವಿಲ್ಲ. ಕೊಡೆ, ಗುಲಾಬಿ, ಹೆಗಲ ಮೇಲೆ ಮಕ್ಕಳು. ಸುಮಾರು 40,000 ಜನ. ನಾರ್ವೆಯ ಶಾಲೆಗಳಲ್ಲಿ ಎಲ್ಲರೂ ಹಾಡುವ, ಮಳೆಬಿಲ್ಲಿನ ಮಕ್ಕಳ ಕುರಿತ ಒಂದು ಹಾಡನ್ನು ಬ್ರೈವಿಕ್ ಇದು ಮಕ್ಕಳ ತಲೆ ಕೆಡಿಸುವ ಮಾರ್ಕ್ಸ್‌ವಾದಿ ಪ್ರಚಾರ ಎಂದು ಒಳಗೆ ಹೀಗಳೆದಿದ್ದ. ಅದನ್ನೇ ಹಾಡಲು ಬಂದಿದ್ದಾರೆ. ಹಾಡಿ ಮುಗಿಸಿ, ನ್ಯಾಯಾಲಯದವರೆಗೆ ನಡೆದು, ಗುಲಾಬಿಗಳನ್ನು ಅಲ್ಲಿ ಇಟ್ಟು ಹೋಗುತ್ತಾರೆ. ಆ ನಲವತ್ತು ಸಾವಿರ ಜನ ಒಂದು ವಿಷಯವನ್ನು ವೈದ್ಯರಿಗಿಂತ ಮೊದಲೇ ಅರ್ಥಮಾಡಿಕೊಂಡಂತೆ ನನಗೆ ಕಾಣುತ್ತದೆ. ರೋಗದ ಎದುರು ಯಾರೂ ಹಾಡುವುದಿಲ್ಲ. ಅವರು ಅವನ ಮಾತಿಗೆ ಉತ್ತರ ಕೊಡುತ್ತಿದ್ದರು.

ಆ ಮಾತುಗಳು ಎಲ್ಲಿಂದ ಬಂದವು ಎಂಬುದೇ ಈ ವಿಚಾರಣೆಯ ಕೀಲಿ. ಮೊದಲ ವರದಿ ಅವನು ಬಳಸುವ ವಿಚಿತ್ರ ಪದಗಳನ್ನು ಪಟ್ಟಿಮಾಡಿ, ಇವು ರೋಗಿಯು ತಾನೇ ಹುಟ್ಟಿಸಿಕೊಂಡ ಪದಗಳು ಎಂದಿತ್ತು. ಸ್ಕಿಜೋಫ್ರೇನಿಯಾದಲ್ಲಿ ಹಾಗೆ ಆಗುವುದುಂಟು. ಆತ್ಮಹತ್ಯಾ ಮಾನವತಾವಾದ, ರಾಷ್ಟ್ರೀಯ ಡಾರ್ವಿನ್‌ವಾದಿ, ಹೀಗೆ. ಆದರೆ ಜೂನ್ ಮೊದಲ ವಾರದ ಹೊತ್ತಿಗೆ ಸಾಕ್ಷಿ ಕುರ್ಚಿಗೆ ಬಂದು ಕೂರುವವರನ್ನು ನೋಡಿ. ತೀವ್ರ ಬಲಪಂಥವನ್ನು ವರ್ಷಗಳಿಂದ ಅಭ್ಯಾಸ ಮಾಡಿದ ತೂರೆ ಬ್ಯೋರ್ಗೊ, ಸ್ವೀಡನ್ನಿನ ಮ್ಯಾಟಿಯಾಸ್ ಗಾರ್ಡೆಲ್, ತತ್ವಶಾಸ್ತ್ರದ ಲಾರ್ಸ್ ಗೂಲೆ. ಅವರು ಹೇಳಿದ್ದರ ಸಾರ ಇಷ್ಟು: ಇವು ಒಬ್ಬನ ತಲೆಯೊಳಗೆ ಹುಟ್ಟಿದ ಪದಗಳಲ್ಲ. ಅಂತರ್ಜಾಲದ ಒಂದು ಮೂಲೆಯಲ್ಲಿ ಸಾವಿರಾರು ಜನ ದಿನವೂ ಆಡುವ ಭಾಷೆಯಿದು. ಅಲ್ಲಿ ಎಂದೂ ಓಡಾಡದ ವೈದ್ಯರಿಗೆ ಅದು ಹೊಸದಾಗಿ ಕೇಳಿಸಿದೆ. ಲಿಪ್ಪೆಸ್ಟಾಡ್ ಆಮೇಲೆ ಬಲಪಂಥೀಯರನ್ನೇ ಕರೆಸಿದರು. ಒಬ್ಬೊಬ್ಬರಾಗಿ ಬಂದು ಕೂತರು. ಯುರೋಪಿನ ಮೇಲೆ ಇಸ್ಲಾಮಿನ ಯುದ್ಧ ನಡೆಯುತ್ತಿದೆ ಎಂದರು, ಶಾಂತವಾಗಿ, ಹವಾಮಾನದ ವಿಷಯ ಹೇಳುವಷ್ಟೇ ಸಹಜವಾಗಿ. ಕೊಲ್ಲುವುದನ್ನು ಒಪ್ಪುವುದಿಲ್ಲ ಎಂದೂ ಹೇಳಿದರು. ಎದ್ದು ಕೋಟು ಹಾಕಿಕೊಂಡು ಮನೆಗೆ ಹೋದರು. ಅವರನ್ನು ಯಾರೂ ವೈದ್ಯರ ಬಳಿ ಕಳಿಸಲಿಲ್ಲ.

ಬ್ರೈವಿಕ್ ಇಮೇಲ್ ಮಾಡಿದ್ದ 1,500 ಪುಟಗಳ ಪ್ರಣಾಳಿಕೆಯಲ್ಲಿ ಬಹುಭಾಗ ಬೇರೆಯವರ ಬರಹದ ನಕಲು. ನಮ್ಮ ದೇಶದ ಪ್ರಸ್ತಾಪವೂ ಹಲವು ಪುಟಗಳಲ್ಲಿದೆ. ಅವನ ಕಲ್ಪನೆಯ ಯೋಧರ ಎದೆಗೆ ಹಾಕುವ ತಲೆಬುರುಡೆಯ ಬಿಲ್ಲೆಯನ್ನು ಕಸೂತಿ ಮಾಡಿಸಿದ್ದು ವಾರಾಣಸಿಯಲ್ಲಿ. ಅದನ್ನು ಹೊಲಿದ ಬಡ ಕುಶಲಕರ್ಮಿಗೆ ಅದು ಏನೆಂದು ಗೊತ್ತಿರಲಿಕ್ಕಿಲ್ಲ. ಎಷ್ಟು ದೂರದ ತನಕ ಚಾಚಿತ್ತು ಆ ಕೈ, ಎಷ್ಟು ತಾಳ್ಮೆಯಿಂದ! ಹಳ್ಳಿಯಲ್ಲಿ ಹೊಲ ಗುತ್ತಿಗೆ ಹಿಡಿದು, ಗೊಬ್ಬರ ಕೊಂಡರೆ ಯಾರಿಗೂ ಸಂಶಯ ಬರದಿರಲೆಂದು ಕೃಷಿ ಕಂಪನಿ ನೋಂದಾಯಿಸಿದ್ದ. ತಾಳ್ಮೆ ಇದ್ದ ಮಾತ್ರಕ್ಕೆ ರೋಗ ಇಲ್ಲವೆಂದಲ್ಲ. ಸೈಕೋಸಿಸ್ ಇರುವವರೂ ಯೋಜನೆ ಹಾಕಬಲ್ಲರು ಎಂದು ವೈದ್ಯರು ಹೇಳುತ್ತಾರೆ. ಆದರೂ ಆ ಲೆಕ್ಕಪತ್ರಗಳನ್ನು ನೋಡುವಾಗ ಮೈ ತಣ್ಣಗಾಗುತ್ತದೆ.

ನಾರ್ವೆಗೆ ಈ ಇಕ್ಕಟ್ಟು ಹೊಸದಲ್ಲ. ನೊಬೆಲ್ ಪಡೆದ ಕಾದಂಬರಿಕಾರ ಕ್ನೂಟ್ ಹಾಮ್ಸುನ್ ಹಿಟ್ಲರನನ್ನು ಕೊನೆಯವರೆಗೂ ಬೆಂಬಲಿಸಿದ್ದ. ತನ್ನ ನೊಬೆಲ್ ಪದಕವನ್ನು 1943ರಲ್ಲಿ ಗೊಬೆಲ್ಸ್‌ಗೆ ಕೊಟ್ಟಿದ್ದ. ಹಿಟ್ಲರ್ ಸತ್ತಾಗ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಬರೆದಿದ್ದ. ಯುದ್ಧ ಮುಗಿದ ಮೇಲೆ ಅವನನ್ನು ಓಸ್ಲೋದ ಮನೋರೋಗ ಚಿಕಿತ್ಸಾಲಯದಲ್ಲಿ ಇಟ್ಟು ಪರೀಕ್ಷಿಸಿದರು. ಹುಚ್ಚನಲ್ಲ, ಆದರೆ ಮಾನಸಿಕ ಶಕ್ತಿ ಶಾಶ್ವತವಾಗಿ ಕುಂದಿದೆ ಎಂದು ಬರೆದರು. ಅದರಿಂದ ದೇಶದ್ರೋಹದ ಮೊಕದ್ದಮೆ ತಪ್ಪಿತು, ದೇಶಕ್ಕೂ ತನ್ನ ಮಹಾಲೇಖಕನನ್ನು ದೇಶದ್ರೋಹಿ ಎಂದು ಕಟಕಟೆಯಲ್ಲಿ ನಿಲ್ಲಿಸುವ ಸಂಕಟ ತಪ್ಪಿತು. ಮುದುಕ ಸುಮ್ಮನಿರಲಿಲ್ಲ. ತೊಂಬತ್ತರ ವಯಸ್ಸಿನಲ್ಲಿ, 1949ರಲ್ಲಿ, ಸ್ಫುಟವಾದ ಗದ್ಯದಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಕುಂದಿದ ಬುದ್ಧಿಯಿಂದ ಅಂಥ ಪುಸ್ತಕ ಬರಲಾರದು ಎಂದು ಓದಿದವರಿಗೆಲ್ಲ ಗೊತ್ತಾಯಿತು. ರೋಗದ ಹೆಸರು ಕೊಟ್ಟು ಒಂದು ನಂಬಿಕೆಯನ್ನು ಎದುರಿಸದೆ ದಾಟಿಬಿಡಬಹುದು ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ.

ಮತ್ತೆ ಓಸ್ಲೋದ ಕೋಣೆಗೆ, ಸ್ವಲ್ಪ ಹಿಂದಕ್ಕೆ ಬನ್ನಿ: ಮೇ ತಿಂಗಳು. ಮರಣೋತ್ತರ ವರದಿಗಳ ಸರದಿ. ಇಲ್ಲಿ ಅವಸರ ಮಾಡಬೇಡಿ, ಈ ನ್ಯಾಯಾಲಯವೂ ಮಾಡಲಿಲ್ಲ. ಕೋಣೆಯ ಮಧ್ಯೆ ಒಂದು ಮನುಷ್ಯಾಕೃತಿಯ ಗೊಂಬೆ ನಿಲ್ಲಿಸಿದ್ದಾರೆ. ವೈದ್ಯರು ಕಡ್ಡಿ ಹಿಡಿದು ಗುಂಡು ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಂತು ಎಂದು ತೋರಿಸುತ್ತಾರೆ. ಅದಾದ ಮೇಲೆ ಪರದೆಯ ಮೇಲೆ ಒಂದು ಫೋಟೋ ಬರುತ್ತದೆ. ಮನೆಯವರು ಆರಿಸಿ ಕೊಟ್ಟದ್ದು. ನಗುವ ಮುಖ. ವಕೀಲರು ಆ ಹುಡುಗಿಯ ಬಗ್ಗೆ, ಆ ಹುಡುಗನ ಬಗ್ಗೆ ಒಂದು ನಿಮಿಷ ಓದುತ್ತಾರೆ: ಏನು ಇಷ್ಟ, ಮುಂದೆ ಏನಾಗಬೇಕೆಂದಿದ್ದ, ಮನೆಯಲ್ಲಿ ಯಾರು ಯಾರಿದ್ದಾರೆ. ಒಂದು ನಿಮಿಷ. ಆಮೇಲೆ ಮತ್ತೆ ಗೊಂಬೆ, ಮತ್ತೆ ಕಡ್ಡಿ. ಹೀಗೆ ದಿನಗಟ್ಟಲೆ. ಯಾರನ್ನೂ ಲೆಕ್ಕದಲ್ಲಿ ಸೇರಿಸಿ ಮುಂದೆ ಹೋಗಲಿಲ್ಲ.

ಮೇ 11ರಂದು ಪ್ರೇಕ್ಷಕರ ಸಾಲಿನಿಂದ ಒಂದು ಶೂ ಹಾರಿಬರುತ್ತದೆ. ಎಸೆದವನು ಸತ್ತವರೊಬ್ಬರ ಅಣ್ಣತಮ್ಮಂದಿರಲ್ಲೊಬ್ಬ. ನನ್ನ ಒಡಹುಟ್ಟಿದವನನ್ನು ಕೊಂದೆ ಎಂದು ಕೂಗುತ್ತ ಅಳುತ್ತಿದ್ದಾನೆ. ಶೂ ತಗಲಿದ್ದು ಆರೋಪಿಯ ಪಕ್ಕದಲ್ಲಿದ್ದ ವಕೀಲೆಗೆ. ಕೆಲವರು ಚಪ್ಪಾಳೆ ತಟ್ಟಿದರು, ಹಲವರು ಅತ್ತರು, ಪೊಲೀಸರು ಅವನನ್ನು ಮೆಲ್ಲಗೆ ಹೊರಗೆ ಕರೆದೊಯ್ದರು. ವಿಚಾರಣೆ ಮತ್ತೆ ಶುರುವಾದಾಗ ಬ್ರೈವಿಕ್ ಹೇಳಿದ್ದು: ಏನಾದರೂ ಎಸೆಯುವುದಿದ್ದರೆ ನನ್ನ ಮೇಲೆ ಎಸೆಯಿರಿ, ನನ್ನ ವಕೀಲರ ಮೇಲೆ ಬೇಡ. ಸಭ್ಯ ಮಾತು. ಬೇರೆ ಯಾರಾದರೂ ಆಡಿದ್ದರೆ ಮೆಚ್ಚುತ್ತಿದ್ದೆವು.

ಜೂನ್ 8ರಂದು ಇನ್ನೊಬ್ಬ ಮನೋವೈದ್ಯರು, ಪ್ರೊಫೆಸರ್ ಉಲ್ರಿಕ್ ಮಾಲ್ಟ್, ಸಾಕ್ಷಿ ನುಡಿಯುತ್ತಾರೆ. ಸ್ಕಿಜೋಫ್ರೇನಿಯಾ ಎಂದು ಹೇಳಲು ಆಧಾರ ಸಾಲದು. ಆಸ್ಪರ್ಗರ್, ಟುರೆಟ್ ಇರಬಹುದೇ ನೋಡಬೇಕು ಎನ್ನುತ್ತಾರೆ. ಗಾಜಿನ ಆಚೆಯ ಮುಖ ಕೆಂಪಾಗುತ್ತದೆ. 77 ಹೆಸರು ಓದುವಾಗ ಬದಲಾಗದ ಮುಖ. ಅವನು ನಾಲ್ಕು ವರ್ಷದವನಿದ್ದಾಗ, 1983ರಲ್ಲಿ, ಓಸ್ಲೋದ ಮಕ್ಕಳ ಮನೋವೈದ್ಯ ಕೇಂದ್ರದಲ್ಲಿ ಅವನನ್ನು ನೋಡಿದ ತಜ್ಞರು ಈ ಮಗುವನ್ನು ತಾಯಿಯಿಂದ ಬೇರೆ ಮನೆಗೆ ಕಳಿಸಿ ಎಂದು ಬರೆದಿದ್ದರು. ಕಳಿಸಲಿಲ್ಲ. ಆ ಕಾಗದದ ಬಗ್ಗೆ ಓದಿದಾಗ ಆ ನಾಲ್ಕು ವರ್ಷದ ಮಗುವಿನ ಮೇಲೆ ಕರುಳು ಮಿಡಿಯುತ್ತದೆ, ಮಿಡಿಯಲೇಬೇಕು. ಆದರೆ ಪ್ರೀತಿ ಸಿಗದೆ ಬೆಳೆದ ಮಕ್ಕಳಿಂದ ಈ ಲೋಕ ತುಂಬಿದೆ. ಅವರು ದೋಣಿ ಹತ್ತಿ ದ್ವೀಪಕ್ಕೆ ಹೋಗುವುದಿಲ್ಲ.

ಜೈಲಿನ ಮನೋವೈದ್ಯೆ ರಾಂಡಿ ರೋಸೆನ್‌ಕ್ವಿಸ್ಟ್ ಅವರ ಮಾತು ಇದಕ್ಕಿಂತ ಸರಳ. ಬಂಧನವಾದ ಸ್ವಲ್ಪ ದಿನಕ್ಕೇ ಅವನನ್ನು ಕಂಡವರು, ಮತ್ತೆ ಮತ್ತೆ ಕಂಡವರು. ಸೈಕೋಸಿಸ್‌ನ ಲಕ್ಷಣ ತಮಗೆ ಕಾಣಲಿಲ್ಲ ಎಂದರು.

ಇದೇ ಮನುಷ್ಯ ನಮ್ಮ ಕಟಕಟೆಯಲ್ಲಿ ನಿಂತಿದ್ದರೆ? 1843ರಲ್ಲಿ ಲಂಡನ್ನಿನಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ, ಸರ್ಕಾರ ತನ್ನ ಬೆನ್ನು ಹತ್ತಿದೆ ಎಂಬ ಭ್ರಾಂತಿಯಲ್ಲಿ, ಪ್ರಧಾನಿ ಪೀಲ್ ಎಂದುಕೊಂಡು ಅವರ ಕಾರ್ಯದರ್ಶಿಯನ್ನು ಕೊಂದ. ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದು ಅವನನ್ನು ನಿರ್ದೋಷಿ ಎಂದಾಗ ಎದ್ದ ಗದ್ದಲದಿಂದ ಒಂದು ನಿಯಮ ಹುಟ್ಟಿತು. ಅದೇ 1860ರ ನಮ್ಮ ದಂಡ ಸಂಹಿತೆಯ 84ನೇ ಸೆಕ್ಷನ್ ಆಯಿತು, ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ಅದು ಕೇಳುವುದು ರೋಗವಿತ್ತೇ ಎಂದಷ್ಟೇ ಅಲ್ಲ. ಆ ರೋಗದಿಂದಾಗಿ, ತಾನು ಏನು ಮಾಡುತ್ತಿದ್ದೇನೆ ಎಂಬುದೋ ಅದು ತಪ್ಪು ಎಂಬುದೋ ಆ ಹೊತ್ತಿಗೆ ಅವನಿಗೆ ತಿಳಿಯದೇ ಹೋಯಿತೇ ಎಂದು. ಕೊಲ್ಲುತ್ತಿರುವ ನಡುವೆಯೇ ಶರಣಾಗುತ್ತೇನೆಂದು ಪೊಲೀಸರಿಗೆ ಫೋನ್ ಮಾಡಿದವನ ವಿಷಯದಲ್ಲಿ ನಮ್ಮಲ್ಲಿ ಈ ಚರ್ಚೆ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ನಾರ್ವೆಯ ಅಂದಿನ ಕಾನೂನು ಹಾಗಲ್ಲ. ಆ ಹೊತ್ತಿಗೆ ಸೈಕೋಸಿಸ್ ಇತ್ತೆಂದರೆ ಸಾಕು, ಶಿಕ್ಷೆ ಇಲ್ಲ. ರೋಗಕ್ಕೂ ಕೃತ್ಯಕ್ಕೂ ಸಂಬಂಧ ತೋರಿಸಬೇಕಾಗಿಯೂ ಇಲ್ಲ. ರೋಗಿಯನ್ನು ದಂಡಿಸಬಾರದು ಎಂಬ ಒಂದು ಮಾತನ್ನು ಅವರು ಅಷ್ಟು ಗಟ್ಟಿಯಾಗಿ ಹಿಡಿದಿದ್ದರು.

ಅದಕ್ಕೇ ಜೂನ್ 21ರಂದು ಸರ್ಕಾರಿ ವಕೀಲ ಸ್ವೈನ್ ಹೋಲ್ಡನ್ ಎದ್ದು ನಿಂತಾಗ ಕೇಳಿದ್ದು ಜೈಲನ್ನಲ್ಲ, ಆಸ್ಪತ್ರೆಯನ್ನು. ಇವನಿಗೆ ಸೈಕೋಸಿಸ್ ಇತ್ತೆಂದು ನಮಗೆ ಖಚಿತವಿಲ್ಲ, ಆದರೆ ಅನುಮಾನ ಉಳಿದಿದೆ ಎಂದರು. ಸ್ವಸ್ಥನನ್ನು ಆಸ್ಪತ್ರೆಗೆ ಕಳಿಸುವ ತಪ್ಪಿಗಿಂತ ರೋಗಿಯನ್ನು ಜೈಲಿಗೆ ಕಳಿಸುವ ತಪ್ಪು ದೊಡ್ಡದು. 77 ಜನರನ್ನು ಕೊಂದವನ ಎದುರು ನಿಂತು ಒಂದು ದೇಶದ ಪರವಾಗಿ ಹಾಗೆ ಹೇಳುವುದಕ್ಕೆ ಎಂಥ ಎದೆ ಬೇಕು! ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆದರೆ ಆ ಮಾತಿಗೆ ತಲೆಬಾಗುತ್ತೇನೆ.

ಮರುದಿನ ಬ್ರೈವಿಕ್ ಕೊನೆಯ ಮಾತಾಡಲು ಎದ್ದ. ಅವನು ಬಾಯಿ ತೆರೆಯುವ ಮೊದಲು ನಿಮ್ಮ ಸಾಲಿನಲ್ಲಿ ಕುರ್ಚಿಗಳು ಸದ್ದು ಮಾಡುತ್ತವೆ. ಒಬ್ಬರು ಏಳುತ್ತಾರೆ, ಇನ್ನೊಬ್ಬರು, ಮತ್ತೆ ನಾಲ್ವರು. ತಾಯಂದಿರು, ತಂದೆಯಂದಿರು, ಗುಂಡೇಟಿನಿಂದ ಬದುಕುಳಿದ ಹುಡುಗರು. ಮಾತಿಲ್ಲದೆ ಬಾಗಿಲತ್ತ ನಡೆಯುತ್ತಾರೆ. ಅವನು ಖಾಲಿ ಕುರ್ಚಿಗಳಿಗೆ ಮಾತಾಡಿದ.

ಆಗಸ್ಟ್ 24, ಶುಕ್ರವಾರ. ಐವರು ನ್ಯಾಯಾಧೀಶರು, ಅವರಲ್ಲಿ ಮೂವರು ಸಾಮಾನ್ಯ ನಾಗರಿಕರು. ಎಲ್ಲರೂ ಎದ್ದು ನಿಂತಿದ್ದೀರಿ. ವೆಂಕೆ ಎಲಿಜಬೆತ್ ಆರ್ನ್‌ಟ್ಸೆನ್ ಮೊದಲು ತೀರ್ಪು ಓದುತ್ತಾರೆ, ಕಾರಣ ಆಮೇಲೆ. ಸ್ವಸ್ಥ. 21 ವರ್ಷಗಳ ಬಂಧನ. ಅಪಾಯ ಮುಗಿದಿಲ್ಲವೆಂದು ಕಂಡರೆ ಮುಂದೆಯೂ ವಿಸ್ತರಿಸಬಹುದಾದ ಬಂಧನ. ಐವರದೂ ಒಂದೇ ಅಭಿಪ್ರಾಯ. ಗಾಜಿನ ಆಚೆ ಅವನು ನಗುತ್ತಾನೆ. ಅವನಿಗೆ ಬೇಕಾದದ್ದೇ ಸಿಕ್ಕಿತಲ್ಲ ಎಂದು ನಿಮಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಪಕ್ಕದಲ್ಲಿ ಕೂತವರ ಮುಖ ನೋಡಿ. ಅವರಲ್ಲೂ ಅನೇಕರಿಗೆ ಬೇಕಾಗಿದ್ದದ್ದು ಇದೇ. ತಮ್ಮ ಮಕ್ಕಳನ್ನು ಕೊಂದದ್ದು ಒಂದು ಜ್ವರವಲ್ಲ, ಒಬ್ಬ ಮನುಷ್ಯ, ತಿಳಿದು, ಆರಿಸಿಕೊಂಡು ಕೊಂದದ್ದು ಎಂದು ಯಾರಾದರೂ ಬರೆದಿಡಬೇಕಾಗಿತ್ತು. ಬರೆದಿಟ್ಟರು. ಓದಿ ಮುಗಿಯಲು ಇಡೀ ದಿನ ಹಿಡಿಯಿತು.

ಹಾಗಾದರೆ ಘೋರ ಕೃತ್ಯದ ಹಿಂದೆ ರೋಗ ಇರುವುದೇ ಇಲ್ಲವೇ? ಇರುತ್ತದೆ, ಕೆಲವೊಮ್ಮೆ. ಅದೇ ನಾರ್ವೆಯ ಕಾಂಗ್ಸ್‌ಬೆರ್ಗ್ ಪಟ್ಟಣದಲ್ಲಿ 2021ರ ಅಕ್ಟೋಬರ್ 13ರ ಸಂಜೆ ಒಬ್ಬಾತ ಬಿಲ್ಲು ಬಾಣ ಹಿಡಿದು ಬೀದಿಗೆ ಬಂದ, ಐವರು ಸತ್ತರು. ಭಯೋತ್ಪಾದನೆ ಎಂಬ ಮಾತು ಅರೆಗಳಿಗೆಯಲ್ಲಿ ಲೋಕ ಸುತ್ತಿತು. ಪರೀಕ್ಷಿಸಿದ ತಜ್ಞರೆಲ್ಲರೂ ಸ್ಕಿಜೋಫ್ರೇನಿಯಾ ಎಂದರು, ಯಾರಿಗೂ ಅನುಮಾನವಿರಲಿಲ್ಲ, ನ್ಯಾಯಾಲಯ ಅವನನ್ನು ಚಿಕಿತ್ಸೆಗೆ ಒಪ್ಪಿಸಿತು. ಅಲ್ಲಿ ರೋಗ ಎಂದು ತಿಳಿದದ್ದು ರೋಗದ ಲಕ್ಷಣಗಳಿಂದ. ಹೆಣಗಳ ಸಂಖ್ಯೆಯಿಂದಲ್ಲ.

ಈ ವ್ಯತ್ಯಾಸ ನ್ಯಾಯಾಲಯದ ಹೊರಗೂ ಮುಖ್ಯ. ಟಿವಿಯಲ್ಲಿ ಪ್ರತಿ ಸಲ ಕೊಲೆಗಾರನನ್ನು ಸೈಕೋ ಎಂದು ಕಿರುಚುವಾಗ, ಯಾವುದೋ ಮನೆಯಲ್ಲಿ ಒಬ್ಬ ತಾಯಿ ರಿಮೋಟ್ ಹುಡುಕಿ ಸದ್ದು ತಗ್ಗಿಸುತ್ತಾಳೆ. ಒಳಕೋಣೆಯಲ್ಲಿ ಅವಳ ಮಗ ರಾತ್ರಿಯ ಮಾತ್ರೆ ನುಂಗಿ ಮಲಗಿದ್ದಾನೆ. ಅವನು ಯಾರನ್ನೂ ಹೊಡೆದವನಲ್ಲ. ಬೀದಿಯಲ್ಲಿ ಕಲ್ಲೇಟು ತಿಂದವನು. ಈ ಕಾಯಿಲೆಯವರಲ್ಲಿ ಹೆಚ್ಚಿನವರು ಅಂಥವರೇ. ಬ್ರೈವಿಕ್‌ನನ್ನು ಅವರ ಸಾಲಿಗೆ ಸೇರಿಸಿದರೆ ಅನ್ಯಾಯವಾಗುವುದು ಅವನಿಗಲ್ಲ.

ಇನ್ನೊಂದು ಕೋಣೆಗೆ ಬನ್ನಿ. 2022ರ ಜನವರಿ 18, ಮಂಗಳವಾರ. ಸ್ಕಿಯೆನ್ ಜೈಲಿನ ವ್ಯಾಯಾಮಶಾಲೆಯನ್ನೇ ನ್ಯಾಯಾಲಯ ಮಾಡಿದ್ದಾರೆ. ಹತ್ತು ವರ್ಷ ಮುಗಿದಿದೆ, ಪೆರೋಲ್ ಕೇಳಿದ್ದಾನೆ. ತಲೆಗೂದಲು ಬೋಳಿಸಿದ್ದಾನೆ. ಇಷ್ಟರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ, 2019ರಲ್ಲಿ, ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು ಇವನಿಂದಲೇ ಸ್ಫೂರ್ತಿ ಪಡೆದೆನೆಂದು ಬರೆದಿದ್ದಾನೆ. ಸಾಕ್ಷಿ ಹೇಳಲು ಬಂದವರು ರಾಂಡಿ ರೋಸೆನ್‌ಕ್ವಿಸ್ಟ್, ಅದೇ ವೈದ್ಯೆ. ವ್ಯಕ್ತಿತ್ವದ ದೋಷಗಳು ಹಾಗೇ ಇವೆ, ಅಪಾಯ ಹತ್ತು ವರ್ಷದ ಹಿಂದೆ ಇದ್ದಷ್ಟೇ ಇದೆ ಎನ್ನುತ್ತಾರೆ. ಎರಡು ವಾರದಲ್ಲಿ ಅರ್ಜಿ ವಜಾ ಆಗುತ್ತದೆ.

ಆದರೆ ಅವನು ಒಳಗೆ ಬಂದ ಗಳಿಗೆಯನ್ನು ನೋಡಿ. ಕೈ ಎತ್ತಿ ನಾಜಿ ವಂದನೆ ಮಾಡಿದ. ಕೈಯಲ್ಲಿ ಒಂದು ಫಲಕ: ನಮ್ಮ ಬಿಳಿಯರ ರಾಷ್ಟ್ರಗಳ ನರಮೇಧ ನಿಲ್ಲಿಸಿ. ಕೋಣೆಯಲ್ಲಿದ್ದ ನ್ಯಾಯಾಧೀಶರು, ವಕೀಲರು, ವೈದ್ಯರು ಎಲ್ಲರೂ ನಾರ್ವೇಜಿಯನ್ ಆಡುವವರು. ಫಲಕದ ಮೇಲಿನ ಬರಹ ಇಂಗ್ಲಿಷಿನಲ್ಲಿದೆ. ಅದನ್ನು ಅವನು ಕ್ಯಾಮೆರಾಗಳ ಕಡೆಗೆ ತಿರುಗಿಸಿ ಹಿಡಿದಿದ್ದಾನೆ.